ಕಣಗಾತಿ ಅಂದರೆ ಏನು

ಬಾಯಿ ಬಿಡಬಾರದು ಎಂದು ಛತ್ರಿಯಣ್ಣ ಆ ಬೆಳಿಗ್ಗೆ ಮನೆಯಿಂದಲೇ ನಿರ್ಧಾರ ಮಾಡಿಕೊಂಡು ಹೊರಟಿದ್ದ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಿಟ್ಟ.

ಛತ್ರಿಯಣ್ಣ ಎಂಬ ಹೆಸರು ಕೇಳಿ ಅವನನ್ನು ಯಾರೂ ಮೋಸಗಾರ ಎಂದುಕೊಳ್ಳಬಾರದು. ಪ್ರಯಾಣಿಕರು ರೈಲಿನಲ್ಲಿ ಮರೆತುಹೋದ ಸಾಮಾನುಗಳನ್ನು ತಂದಿಡುವ ಕೋಣೆಗೆ ಅವನು ಹದಿನೇಳು ವರ್ಷದಿಂದ ಗುಮಾಸ್ತ. ಜನ ಎಲ್ಲಕ್ಕಿಂತ ಹೆಚ್ಚು ಮರೆಯುವುದು ಛತ್ರಿಯನ್ನು. ಆ ಕೋಣೆಯ ಮೂರು ಗೋಡೆಗಳ ಮೇಲೂ ಛತ್ರಿಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದವು. ನಾಲ್ಕನೆಯ ಗೋಡೆಗೆ ಒಂದು ಕಿಟಕಿ, ಕಿಟಕಿಯೊಳಗೆ ಛತ್ರಿಯಣ್ಣನ ಮುಖ. ಛತ್ರಿಬುದ್ಧಿ ಎಳ್ಳಷ್ಟೂ ಇಲ್ಲದ ಮನುಷ್ಯನಿಗೆ ಆ ಹೆಸರು ಅಂಟಿಕೊಂಡದ್ದು ಹೀಗೆ.

ಹತ್ತು ವರ್ಷ ತುಂಬುವವರೆಗೆ ಅವನು ಹಳ್ಳಿಯಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡು ಬೆಳೆದವನು. ಅಜ್ಜಿ ಹೋದಳು, ಹಳ್ಳಿಯೂ ಹೋಯಿತು, ಅವಳ ಮಾತುಗಳು ಮಾತ್ರ ಅವನ ತಲೆಯೊಳಗೆ ಉಳಿದುಕೊಂಡವು. ಕೆಲವಕ್ಕೆ ಅರ್ಥ ಗೊತ್ತಿತ್ತು. ಮುಚ್ಚಂಜೆ ಅಂದರೆ ಹೊತ್ತು ಮುಳುಗುವ ಹೊತ್ತು. ಹಗೇವು ಅಂದರೆ ನೆಲದೊಳಗೆ ಧಾನ್ಯ ತುಂಬಿಡುವ ಗುಂಡಿ. ಉಳಿದವು ಬರೀ ದನಿಯಾಗಿ ಉಳಿದಿದ್ದವು. ಅಜ್ಜಿ ಹೇಗೆ ಕುತ್ತಿಗೆ ಕೊಂಕಿಸಿ ಅಂದಳು, ಎಲ್ಲಿ ನಿಂತು ಅಂದಳು ಎಲ್ಲವೂ ನೆನಪಿದೆ. ಯಾಕೆ ಅಂದಳು ಎಂಬುದು ಮಾತ್ರ ನೆನಪಿಲ್ಲ. ಮಾತಿಗೆ ಮಾತು ಸಿಗದೆ ತಡವರಿಸುವಾಗ ಇಂಥವೇ ಹಾರಿ ಬಂದು ನಾಲಗೆಯ ತುದಿಯಲ್ಲಿ ಕೂರುತ್ತಿದ್ದವು. ಹೆಂಡತಿ ಎಷ್ಟೋ ಸಲ ಹೇಳಿದ್ದಳು: "ರೀ, ಗೊತ್ತಿಲ್ಲದ ಮಾತ್ರೆ ನುಂಗಬಾರದು, ಗೊತ್ತಿಲ್ಲದ ಮಾತು ಉಗುಳಬಾರದು."

ಆ ದಿನ ಸ್ಟೇಷನ್ನಿಗೆ ಹೊಸ ಅಧಿಕಾರಿಯಾಗಿ ಒಬ್ಬ ಹೆಂಗಸು ಬರುವವರಿದ್ದರು. ಅವರಿಗಿಂತ ಒಂದು ದಿನ ಮುಂಚೆಯೇ ಮೇಲಿನ ಆಫೀಸಿನಿಂದ ಒಂದು ಕಾಗದ ಬಂದು ಅವರ ಮೇಜಿನ ಮೇಲೆ ಕುಳಿತಿತ್ತು. ಹನ್ನೊಂದು ಗಂಟೆ ಪ್ರಯಾಣದ ದೂರದಲ್ಲಿರುವ ಜಂಕ್ಷನ್ನಿಗೆ ಇಲ್ಲಿಂದ ಒಬ್ಬರನ್ನು ವರ್ಗ ಮಾಡಬೇಕು. ಮೂವರ ಹೆಸರು ಕೊಟ್ಟಿದ್ದೇವೆ, ಒಬ್ಬರನ್ನು ಆರಿಸಿ ಸಂಜೆಯೊಳಗೆ ಸಹಿ ಮಾಡಿ ಕಳಿಸಿ ಎಂದು. ಆ ಮೂವರಲ್ಲಿ ಒಬ್ಬ, ರೈಲು ಬರುವ ಹೋಗುವ ಸಂಗತಿಯನ್ನು ಮೈಕಿನಲ್ಲಿ ಕೂಗುವ 'ಗಂಟಲು'. ಇನ್ನೊಬ್ಬಳು, ಎರಡನೇ ಕಿಟಕಿಯ ಟಿಕೆಟ್ ಅಕ್ಕ. ಮೂರನೆಯವನು ಛತ್ರಿಯಣ್ಣ.

ಆ ಜಂಕ್ಷನ್ನಿಗೆ ಹೋಗಿ ಬಂದವರು ಹೇಳುತ್ತಿದ್ದರು, ಅಲ್ಲಿ ಗಾಳಿ ನಿಂತರೆ ಸೊಳ್ಳೆ, ಬೀಸಿದರೆ ಧೂಳು ಅಂತ. ಛತ್ರಿಯಣ್ಣನಿಗೆ ಗಾಳಿ ಧೂಳಿನ ಚಿಂತೆಗಿಂತ ಮನೆಯ ಚಿಂತೆ ದೊಡ್ಡದಾಗಿತ್ತು. ಮಗಳಿಗೆ ಶಾಲೆಯ ಕೊನೆಯ ವರ್ಷ. ಹೆಂಡತಿ ಅದೇ ಶಾಲೆಯಲ್ಲಿ ಟೀಚರು. ತಾಯಿಗೆ ಮಂಡಿನೋವು, ಮಹಡಿ ಮೆಟ್ಟಿಲು ಇಳಿಯುವುದೇ ತಿಂಗಳಿಗೊಮ್ಮೆ. ಯಾರನ್ನೂ ಕರೆದುಕೊಂಡು ಹೋಗುವ ಹಾಗಿಲ್ಲ, ಯಾರನ್ನೂ ಬಿಟ್ಟಿರುವ ಅಭ್ಯಾಸವೂ ಅವನಿಗಿಲ್ಲ.

ಸ್ವಾಗತ ಸಭೆ ವಿಶ್ರಾಂತಿ ಕೋಣೆಯಲ್ಲಿ ನಡೆಯಿತು. ಒಬ್ಬೊಬ್ಬರೂ ಎರಡೆರಡು ಮಾತು ಆಡಬೇಕೆಂದು ಟಿಕೆಟ್ ಅಕ್ಕ ಗೊತ್ತು ಮಾಡಿದ್ದಳು. ಮೊದಲು ಎದ್ದವರು 'ದಕ್ಷರು' ಅಂದರು, ಆಮೇಲಿನವರು 'ಪ್ರಾಮಾಣಿಕರು' ಅಂದರು. 'ಶಿಸ್ತು', 'ಸರಳತೆ', 'ತಾಯಿಯ ಮಮತೆ' ಎಲ್ಲವೂ ಖರ್ಚಾದವು. ಗಂಟಲು ಮೈಕಿಲ್ಲದೆಯೂ ಕಿವಿ ಗುಂಯ್‌ಗುಡುವಂತೆ "ಮೇಡಂ ಅವರು ಸರಿಯಾದ ಸಮಯಕ್ಕೆ ಆಗಮಿಸಿದ್ದಾರೆ" ಅಂದು ಚಪ್ಪಾಳೆ ಗಿಟ್ಟಿಸಿದ. ಸರದಿ ಛತ್ರಿಯಣ್ಣನದಾದಾಗ ಮದುವೆಯ ಕೊನೇ ಪಂಕ್ತಿಯ ಪಾತ್ರೆಯಂತೆ ಅವನ ತಲೆ ಖಾಲಿ ಖಾಲಿ. ಎದ್ದು ನಿಂತ. ಹೊಸ ಮೇಡಂ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಆಗ ತಲೆಯೊಳಗೆ ಅಜ್ಜಿ ಹಿತ್ತಲ ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ದಾರಿಯ ಕಡೆ ನೋಡಿ ಒಂದು ಮಾತು ಅಂದಳು. ಅಜ್ಜಿಯ ಮುಖದಲ್ಲಿ ನಗು ಇದ್ದ ಹಾಗೆ ಅವನಿಗೆ ನೆನಪು.

"ಮೇಡಂ, ನಮ್ಮಜ್ಜಿ ಇದ್ದಿದ್ರೆ ನಿಮ್ಮನ್ನ ನೋಡಿ, 'ಬಂದಳು ನೋಡು ಕಣಗಾತಿ' ಅಂತಿದ್ಲು."

ಚಪ್ಪಾಳೆ ತಟ್ಟಲೆಂದು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು.

"ಏನಂದ್ರಿ? ಇನ್ನೊಂದು ಸಲ ಹೇಳಿ," ಅಂದರು ಮೇಡಂ.

"ಕಣಗಾತಿ," ಅಂದ ಛತ್ರಿಯಣ್ಣ, ಮೊದಲಿನ ಅರ್ಧದಷ್ಟು ದನಿಯಲ್ಲಿ.

ಮೇಡಂ ಕೈಚೀಲದಿಂದ ಚಿಕ್ಕ ಡೈರಿ ತೆಗೆದು ಆ ಪದವನ್ನು ಬರೆದುಕೊಂಡರು. ಅಕ್ಷರ ಸರಿಯಾಯಿತೇ ಎಂದು ಒಮ್ಮೆ ಓದಿಕೊಂಡರು. "ಸಂಜೆ ನಾಲ್ಕು ಗಂಟೆಗೆ ನನ್ನ ರೂಮಿಗೆ ಬನ್ನಿ," ಅಂದು ಡೈರಿ ಮುಚ್ಚಿದರು.

ಛತ್ರಿಯಣ್ಣ ತನ್ನ ಕೋಣೆಗೆ ಹೋಗಿ ಕುಳಿತುಕೊಳ್ಳುವುದಕ್ಕೂ ಗಂಟಲು ಮತ್ತು ಟಿಕೆಟ್ ಅಕ್ಕ ಬಾಗಿಲು ನೂಕಿಕೊಂಡು ಬರುವುದಕ್ಕೂ ಸರಿಹೋಯಿತು.

"ಏನೋ ಅದು, ಕಣಗಾತಿ ಅಂದ್ರೆ?" ಗಂಟಲು ಕೇಳಿದ.

"ಗೊತ್ತಿಲ್ಲ."

"ಗೊತ್ತಿಲ್ಲದೇ ಅಂದ್ಯಾ?"

"ಬಾಯಿಗೆ ಬಂತು, ಅಂದೆ."

ಟಿಕೆಟ್ ಅಕ್ಕ ಮರದ ಪೆಟ್ಟಿಗೆಯ ಮೇಲೆ ಕುಳಿತಳು. ಯಾವ ಕಷ್ಟವನ್ನಾದರೂ ಚಿಲ್ಲರೆ ಎಣಿಸುವ ಹಾಗೆ ಒಂದೊಂದಾಗಿ ಮೇಜಿನ ಮೇಲೆ ಇಟ್ಟು ನೋಡುವುದು ಅವಳ ಸ್ವಭಾವ. "ನೋಡು ಛತ್ರಿ, ಗಾತಿ ಅಂತ ಮುಗಿಯೋ ಪದ ಯಾವ್ಯಾವುದಿದೆ? ಮೋಸಗಾತಿ. ಮಾಟಗಾತಿ. ಬಿನ್ನಾಣಗಾತಿ. ಒಂದಾದ್ರೂ ಒಳ್ಳೇದಿದ್ಯಾ?"

ಛತ್ರಿಯಣ್ಣ ಯೋಚಿಸಿದ. "ಸೊಗಸುಗಾತಿ?"

"ಅದು ಎಲ್ಲಕ್ಕಿಂತ ಅಪಾಯ. ಆಫೀಸರಿಗೆ ಮೊದಲನೇ ದಿನವೇ ಸೊಗಸುಗಾತಿ ಅಂದ್ರೆ ವರ್ಗ ಮಾಡಲ್ಲ, ವಿಚಾರಣೆ ಮಾಡ್ತಾರೆ."

"ನೀನೇನೂ ಹೆದರಬೇಡ," ಅಂದ ಗಂಟಲು, ಪಕ್ಕದ ಪ್ಲಾಟ್‌ಫಾರಂಗೂ ಕೇಳುವಂತೆ. "ಮೇಡಂ ಹತ್ರ ಹೋಗಿ ನಿನ್ನ ಪರವಾಗಿ ನಾನೊಂದು ಮಾತು ಆಡ್ತೀನಿ."

"ನಾನೂ ಆಡ್ತೀನಿ," ಅಂದಳು ಟಿಕೆಟ್ ಅಕ್ಕ.

ಇಬ್ಬರೂ ಒಬ್ಬರಾದ ಮೇಲೊಬ್ಬರು ಮೇಡಂ ಕೋಣೆಗೆ ಹೋಗಿ ಬಂದರು. ಗಂಟಲು ಹೊರಗೆ ಬರುವಾಗ ಕತ್ತಿಗೆ ಮಫ್ಲರು ಸುತ್ತಿಕೊಂಡಿದ್ದ. ಒಳಗೆ ಹೋಗುವಾಗ ಅದು ಇರಲಿಲ್ಲ. ಟಿಕೆಟ್ ಅಕ್ಕ ಕಣ್ಣು ಒರೆಸಿಕೊಂಡು ಬಂದಳು. ಏನಾಯಿತು ಎಂದು ಛತ್ರಿಯಣ್ಣ ಕೇಳಿದರೆ "ಹೇಳಿದ್ದೀವಿ, ನೋಡೋಣ" ಎಂಬ ಉತ್ತರ ಎರಡೂ ಕಡೆಯಿಂದ ಒಂದೇ ಅಳತೆಯಲ್ಲಿ ಬಂತು.

ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ದಿನವೂ ಬಂದು ಕೂರುತ್ತಿದ್ದರು. ಪ್ರಯಾಣಿಕರು ಓದಿ ಬಿಟ್ಟುಹೋದ ಪತ್ರಿಕೆಗಳನ್ನು ಓದುವುದು, ತಪ್ಪಿರುವ ಕಾಗುಣಿತಕ್ಕೆ ಕೆಂಪು ಪೆನ್ನಿನಿಂದ ಗೆರೆ ಎಳೆಯುವುದು ಅವರ ದಿನಚರಿ. ಛತ್ರಿಯಣ್ಣ ಅವರ ಮುಂದೆ ಹೋಗಿ ನಿಂತ.

"ಕಣಗಾತಿ," ಎಂದು ಮೇಷ್ಟ್ರು ಆ ಪದವನ್ನು ಬಾಯಲ್ಲಿ ಎರಡು ಸಲ ಹೊರಳಿಸಿದರು. "ಚೆನ್ನಾಗಿದೆ. ಕಣ ಅಂದ್ರೆ ಯುದ್ಧದ ಜಾಗ. ಚುನಾವಣೆಗೆ ಕಣಕ್ಕಿಳಿದ್ರು ಅನ್ನಲ್ವೇ? ಹಾಗಾಗಿ ಕಣಗಾತಿ ಅಂದ್ರೆ ಜಗಳಕ್ಕೆ ನಿಂತೋಳು."

"ಬೇರೆ ಅರ್ಥ ಇಲ್ವಾ ಮೇಷ್ಟ್ರೇ?"

"ಯಾಕಿಲ್ಲ? ಕಣ ಅಂದ್ರೆ ಚೂರು. ಒಂದೊಂದು ಚೂರಿಗೂ ಲೆಕ್ಕ ಹಾಕೋ ಜಿಪುಣಿ ಅಂತಲೂ ಆಗಬಹುದು. ಇಲ್ಲಾ, ಅದು ಮೂಲದಲ್ಲಿ ಕಣ್ಣುಗಾತಿ ಇದ್ದು, ಜನರ ಬಾಯಲ್ಲಿ ಸವೆದು ಕಣಗಾತಿ ಆಗಿರಬಹುದು. ಅಂದ್ರೆ ದೃಷ್ಟಿ ತಾಗಿಸೋಳು." ಮೇಷ್ಟ್ರು ಸಂತೋಷದಿಂದ ಕನ್ನಡಕ ಒರೆಸಿಕೊಂಡರು. "ಮೂರಲ್ಲಿ ನಿನಗೆ ಅನುಕೂಲವಾದ್ದನ್ನ ತಗೋಪ್ಪ."

ಜಗಳಗಂಟಿ, ಜಿಪುಣಿ, ಕೆಟ್ಟ ಕಣ್ಣಿನವಳು. ಛತ್ರಿಯಣ್ಣ ಮೂರನ್ನೂ ಹೊತ್ತುಕೊಂಡು ಕೋಣೆಗೆ ವಾಪಸು ಬಂದ. ಹಗೇವಿಗೆ ಇಳಿದವನಿಗೆ ಹಗ್ಗವೇ ನೆಂಟ ಎಂದು ಅಜ್ಜಿ ಅನ್ನುತ್ತಿದ್ದಳು. ಈ ಗಾದೆಯ ಅರ್ಥ ಅವನಿಗೆ ಅಷ್ಟು ಚೆನ್ನಾಗಿ ಹೊಳೆದದ್ದು ಅವತ್ತೇ. ಮೇಲಿನಿಂದ ಹಗ್ಗ ಬಿಡುವವರು ಯಾರು? ತಾಯಿ. ಅಜ್ಜಿಯ ಜೊತೆ ಅದೇ ಮನೆಯಲ್ಲಿ ವರ್ಷಗಟ್ಟಲೆ ಬಾಳಿದ ಸೊಸೆ ಅವಳೇ ತಾನೆ.

ಶನಿವಾರವಾದ್ದರಿಂದ ಶಾಲೆ ಅರ್ಧ ದಿನ. ಹೆಂಡತಿ ಮನೆಗೆ ಬಂದಿದ್ದಳು. ಫೋನು ಅವಳೇ ಎತ್ತಿದಳು. ತಾಯಿಗೆ ಕಿವಿ ಮಂದ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಹಾಗಾಗಿ ಛತ್ರಿಯಣ್ಣ ಹೇಳಿದ್ದನ್ನು ಹೆಂಡತಿ ಕೂಗಿ ಹೇಳಬೇಕು, ಅತ್ತೆ ಅಂದದ್ದನ್ನು ಅವಳೇ ಇತ್ತ ಕಡೆ ಒಪ್ಪಿಸಬೇಕು.

"ಅತ್ತೇ, ಕಣಗಾತಿ ಅಂದ್ರೆ ಏನು ಅಂತ ಕೇಳ್ತಿದ್ದಾರೆ."

ಆ ಕಡೆ ತಟ್ಟೆ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಆಮೇಲೆ ಹೆಂಡತಿ ದನಿ ತಗ್ಗಿಸಿ ಹೇಳಿದಳು. "ರೀ, ಅತ್ತೆ ಕೈಲಿದ್ದ ತಟ್ಟೆ ಕೆಳಗಿಟ್ಟುಬಿಟ್ರು."

"ಯಾಕೆ?"

"ಇರಿ, ಹೇಳ್ತಿದ್ದಾರೆ. 'ಅದು ನಿಮ್ಮಜ್ಜಿ ನನಗೆ ಅಂದ ಮಾತು. ಮದುವೆಯಾಗಿ ಬಂದ ದಿನ, ಹೊಸಿಲು ದಾಟೋಕೆ ಮುಂಚೆ, ನೆಂಟರೆಲ್ಲರ ಎದುರಿಗೆ ಅಂದ್ಲು. ಸುಗ್ಗಿ ಮುಗಿದಿತ್ತು, ಕಣದಲ್ಲಿ ರಾಶಿ ಬಿದ್ದಿತ್ತು. ಕೆಲಸ ಎಲ್ಲಾ ಮುಗಿದ ಮೇಲೆ ರಾಶಿ ಮೇಲೆ ಕೂರೋಕೆ ಬಂದೋಳು ಅಂತ ಹಂಗಿಸಿದ್ಲು. ಆಮೇಲೂ ನಾನು ದಾರೀಲಿ ಬರೋದು ಕಂಡ್ರೆ ಹಾಗೇ ಅಂತಿದ್ಲು. ನಲವತ್ತೈದು ವರ್ಷ ಆಯ್ತು, ಇವತ್ತಿಗೂ ಎದೇಲಿ ಚುಚ್ತಾ ಇದೆ.' ಹೀಗಂತಿದ್ದಾರೆ. ರೀ, ಅಳ್ತಿದ್ದಾರೆ."

"ಅಜ್ಜಿನೇ ಹಾಗಂತ ಅರ್ಥ ಹೇಳಿದ್ಲಾ, ಕೇಳು."

ಹೆಂಡತಿ ಕೂಗಿ ಕೇಳಿದಳು. "ಅದು ಅಜ್ಜಿ ತವರೂರಿನ ಮಾತಂತೆ. ಅರ್ಥ ಕೇಳೋಕೆ ಹೊಸ ಸೊಸೆಗೆ ಬಾಯಿ ಎಲ್ಲಿತ್ತು ಅಂತಿದ್ದಾರೆ. ಯಾರಿಗಂದ್ರಿ ನೀವು ಆ ಮಾತು?"

"ಹೊಸ ಮೇಡಂಗೆ."

"ಊಟದ ಡಬ್ಬಿ ಪೂರ್ತಿ ಖಾಲಿ ಮಾಡಿ. ಖಾಲಿ ಹೊಟ್ಟೇಲಿ ಬೈಸಿಕೊಳ್ಳಬಾರದು," ಅಂದು ಹೆಂಡತಿ ಫೋನಿಟ್ಟಳು.

ಛತ್ರಿಯಣ್ಣನಿಗೆ ಡಬ್ಬಿ ತೆಗೆಯುವ ಮನಸ್ಸಾಗಲಿಲ್ಲ. ವರ್ಗದ ಚಿಂತೆಯ ಮೇಲೆ ಈಗ ತಾಯಿಯ ಕಣ್ಣೀರೂ ಬಂದು ಕುಳಿತಿತ್ತು. ಅಜ್ಜಿ ಅಂಥವಳಾಗಿದ್ದಳೇ? ರಾತ್ರಿ ಹೊದಿಕೆ ಜಾರಿದರೆ ಎದ್ದು ಹೊದಿಸುತ್ತಿದ್ದವಳು, ಮನೆಗೆ ಬಂದ ಸೊಸೆಯನ್ನು ಹೊಸಿಲಲ್ಲೇ ಚುಚ್ಚಿ ನಿಲ್ಲಿಸಿದಳೇ? ಆ ನಗು ನಗುವಾಗಿರಲಿಲ್ಲವೇ? ಅಜ್ಜಿಯ ಮುಖವನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡು ನೋಡಿದ. ನೋಡಿದಷ್ಟೂ ಆ ನಗು ಮಸುಕಾಯಿತು.

ಮೂರೂವರೆಯ ಹೊತ್ತಿಗೆ ಅವನು ಗಂಟಲಿನ ಕೋಣೆಗೆ ಹೋದ. ಅದು ಮೈಕಿನ ಕೋಣೆ; ಮೇಜಿನ ಮೇಲೆ ಒಂದು ಮೈಕು, ಒಂದು ಕೆಂಪು ದೀಪ, ಒಂದು ಸ್ವಿಚ್ಚು. ಗಂಟಲು ಆಗಷ್ಟೇ, ಮೂರನೇ ಪ್ಲಾಟ್‌ಫಾರಂಗೆ ಬರಬೇಕಾದ ಗಾಡಿ ಇಪ್ಪತ್ತು ನಿಮಿಷ ತಡ ಎಂದು ಕೂಗಿ ಮುಗಿಸಿ, ಕುರ್ಚಿ ತಿರುಗಿಸಿದ.

"ನಾನಾಗೇ ಹೋಗಿ ತಪ್ಪಾಯ್ತು ಅಂದುಬಿಡ್ತೀನಿ," ಅಂದ ಛತ್ರಿಯಣ್ಣ.

"ಏನಂತ ಹೇಳ್ತೀಯ? ನಿಮಗೆ ಕಣಗಾತಿ ಅಂದಿದ್ದು ತಪ್ಪಾಯ್ತು ಮೇಡಂ ಅಂತ್ಲಾ? ಮತ್ತೆ ಅದೇ ಮಾತು ಆಡಿದ ಹಾಗಾಯ್ತಲ್ಲ. ಅರ್ಥ ಏನಂತ ಕೇಳಿದ್ರೆ?"

"ಜಗಳಗಂಟಿ ಅಂತಾರೆ ಮೇಷ್ಟ್ರು. ಇಲ್ಲಾ ಜಿಪುಣಿ. ಇಲ್ಲಾ ಕೆಟ್ಟ ಕಣ್ಣಿನೋಳು. ನಮ್ಮಮ್ಮ, ಕೂತು ತಿನ್ನೋಳು ಅಂತಾರೆ."

"ಹೊಸ ಮೇಡಂ ಜಗಳಗಂಟಿ, ಜಿಪುಣಿ, ಕೆಟ್ಟ ಕಣ್ಣು, ಕೂತು ತಿನ್ನೋಳು," ಎಂದು ಗಂಟಲು ಬೆರಳು ಮಡಿಸಿ ಎಣಿಸಿದ. "ಒಂದೇ ಪದದಲ್ಲಿ ನಾಲ್ಕೂ ಬಂದಿದೆ. ಬೈಯೋದಾದ್ರೂ ನಿಮ್ಮಜ್ಜಿ ಹತ್ರ ಕಲೀಬೇಕು."

ಆಗ ಬಾಗಿಲಲ್ಲಿ ಟಿಕೆಟ್ ಅಕ್ಕ ಕಾಣಿಸಿಕೊಂಡಳು. ಎರಡೂ ಕೈಗಳನ್ನು ಬೀಸಿ ಮೇಜಿನ ಕಡೆ ತೋರಿಸುತ್ತಿದ್ದಳು. ಮೇಜಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಗಂಟಲು ಸ್ವಿಚ್ಚು ಆರಿಸಲು ಮರೆತಿದ್ದ.

ನಾಲ್ಕೂ ಪ್ಲಾಟ್‌ಫಾರಂ, ಎರಡು ವಿಶ್ರಾಂತಿ ಕೋಣೆ, ಟಿಕೆಟ್ ಕಿಟಕಿಗಳ ಸಾಲು, ಮೇಡಂ ಕೋಣೆಯ ಮೂಲೆಯಲ್ಲಿದ್ದ ಚಿಕ್ಕ ಸ್ಪೀಕರು, ಒಂದನ್ನೂ ಬಿಡದೆ ಎಲ್ಲಾ ಕಡೆ ಆ ಪಟ್ಟಿ ಸ್ಪಷ್ಟವಾಗಿ ಕೇಳಿಸಿತ್ತು. ಗಂಟಲು ತನ್ನ ಕೆಲಸದಲ್ಲಿ ಎಂದೂ ಅಷ್ಟು ಸ್ಪಷ್ಟವಾಗಿ ಕೂಗಿರಲಿಲ್ಲ ಎಂದು ಆಮೇಲೆ ಎಲ್ಲರೂ ಒಪ್ಪಿಕೊಂಡರು.

"ಮೇಡಂ ಕರೀತಿದ್ದಾರೆ," ಅಂದಳು ಟಿಕೆಟ್ ಅಕ್ಕ. "ನಾಲ್ಕಕ್ಕಲ್ಲ. ಈಗಲೇ."

ಛತ್ರಿಯಣ್ಣ ಮೇಡಂ ಕೋಣೆಯ ಕಡೆ ಹೊರಟ. ಮಧ್ಯೆ ತನ್ನ ಕೋಣೆಗೆ ಬೀಗ ಹಾಕಿಲ್ಲ ಎಂಬುದು ನೆನಪಾಯಿತು. ಕೋಣೆಯ ಕಿಟಕಿಯ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಬಗಲಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಕೋಲು.

"ಏನು ಕಳ್ಕೊಂಡಿದ್ದೀಯಮ್ಮ?" ಕೇಳಿದ.

"ಏನೂ ಕಳ್ಕೊಂಡಿಲ್ಲ ಮಗಾ. ಮೇಲೆ ಯಾರೋ ಕಣಗಾತಿ ಅಂತ ಕೂಗಿದ್ರಲ್ಲ, ಯಾರದು? ಅಲ್ಲಿ ಕೇಳಿದ್ದಕ್ಕೆ ಈ ಕಿಟಕಿ ತೋರಿಸಿದ್ರು."

"ಆ ಮಾತು ನಿನಗೆ ಗೊತ್ತಾ?"

"ಗೊತ್ತಾ ಅಂದ್ರೆ? ನಮ್ಮತ್ತೆ ಕಣಗಾತಿ ಆಗಿದ್ದೋಳು. ಹದಿನಾರು ಸುಗ್ಗಿ." ಮುದುಕಿ ಕೋಲನ್ನು ಗೋಡೆಗೆ ಒರಗಿಸಿದಳು. "ಆ ಮಾತು ಕಿವಿಗೆ ಬಿದ್ದು ಮೂವತ್ತು ವರ್ಷ ಆಯ್ತು. ರೈಲಿಗೆ ಕಾಯ್ತಾ ತೂಕಡಿಸ್ತಿದ್ದೆ, ಎಚ್ಚರ ಆಗೋಯ್ತು. ಆದ್ರೆ ಜಗಳಗಂಟಿ, ಜಿಪುಣಿ ಅಂತ ಏನೇನೋ ಸೇರಿಸಿದ್ರು. ಅದು ಸುಳ್ಳು. ತಿದ್ದಿ ಹೇಳೋಣ ಅಂತ ಬಂದೆ."

ಛತ್ರಿಯಣ್ಣ ಅವಳ ಹತ್ತಿರಕ್ಕೆ ಬಂದ. "ಹಾಗಾದ್ರೆ ಏನಮ್ಮ ಅದರ ಅರ್ಥ?"

"ಸುಗ್ಗೀಲಿ ಹತ್ತು ಮನೆಯೋರು ಒಂದೇ ಕಣದಲ್ಲಿ ಒಕ್ಕಣೆ ಮಾಡ್ತಿದ್ವಿ. ರಾಶಿ ಬಿದ್ದ ಮೇಲೆ ಯಾರ ಮನೆಗೆ ಎಷ್ಟು ಅಂತ ಅಳೆದು ಹಂಚಬೇಕಲ್ಲ? ಗಂಡಸ್ರು ಹಂಚಿದ್ರೆ ಹೊಡೆದಾಟ. ಅದಕ್ಕೇ ಎಲ್ಲರೂ ಸೇರಿ ಒಬ್ಬ ಹೆಂಗಸನ್ನ ಆರಿಸೋರು. ನ್ಯಾಯವಾಗಿರೋಳು, ತನ್ನೋರು ಪರಕೀಯರು ಅಂತ ನೋಡದೇ ಇರೋಳು. ಅವಳೇ ಕಣಗಾತಿ. ಅಳೆಯೋ ಕೊಳಗ ಅವಳ ಕೈಗೆ ಹೋದ್ಮೇಲೆ ಮುಗೀತು. ಅವಳು ಹಂಚಿದ್ದೇ ಪಾಲು, ಎದುರು ಮಾತಾಡೋ ಹಾಗಿಲ್ಲ. ಕಣಗಾತಿ ಇಲ್ಲದ ರಾಶಿ ಕಾಗೆ ಪಾಲು ಅಂತಿದ್ರು. ಯಾರಿಗಾದ್ರೂ ಆ ಹೆಸರಿಟ್ಟು ಕರೆದ್ರೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ ಮಗಾ."

ಮುದುಕಿಗೆ ಕೈ ಮುಗಿಯಬೇಕೋ ಕಾಲಿಗೆ ಬೀಳಬೇಕೋ ಛತ್ರಿಯಣ್ಣನಿಗೆ ತಿಳಿಯಲಿಲ್ಲ. ಅವಳ ಗಂಟನ್ನು ತಾನೇ ಎತ್ತಿಕೊಂಡು ಅವಳ ಗಾಡಿ ಬರುವ ಮೂರನೇ ಪ್ಲಾಟ್‌ಫಾರಂಗೆ ಅವಳನ್ನು ಕರೆದೊಯ್ದು, ನೆರಳಿರುವ ಬೆಂಚು ನೋಡಿ ಕೂರಿಸಿ, ನೀರು ತಂದುಕೊಟ್ಟು, ಮೇಡಂ ಕೋಣೆಗೆ ಬಂದ. ಬೆಳಿಗ್ಗೆಯಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಅಜ್ಜಿಯ ನಗು ನಗುವೇ ಆಗಿತ್ತು.

ಮೇಡಂ ಮುಂದೆ ಆ ಕಾಗದ ಬಿಚ್ಚಿಟ್ಟಿತ್ತು, ಪಕ್ಕದಲ್ಲಿ ಡೈರಿ. ಮೂಲೆಯ ಸ್ಪೀಕರಿನ ಕಡೆ ಕೈ ತೋರಿಸಿ, "ಕೇಳಿಸಿತು," ಅಂದರು. "ನಾಲ್ಕು ಅರ್ಥ. ಐದನೇದು ಏನಾದ್ರೂ ಇದ್ಯಾ?"

"ಇದೆ ಮೇಡಂ. ಐದನೇದೇ ಸರಿಯಾದ್ದು," ಅಂದ ಛತ್ರಿಯಣ್ಣ.

ಹೇಳಿದ. ಹತ್ತು ಮನೆ, ಒಂದು ಕಣ, ಕೊಳಗ, ಪಾಲು, ಒಂದನ್ನೂ ಬಿಡದೆ ಹೇಳಿದ. ಅಂಥ ಹುರುಪಿನಲ್ಲಿ ಅವನು ಯಾವತ್ತೂ ಮಾತಾಡಿದವನಲ್ಲ. ಮೇಡಂ ಮುಖದ ಗಂಟು ಒಂದೊಂದೇ ಎಳೆ ಸಡಿಲವಾಯಿತು. ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣುಜ್ಜಿಕೊಂಡರು.

"ಎಷ್ಟು ಒಳ್ಳೇ ಮಾತು ಇದು. ನನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇಂಥದ್ದು ಯಾರೂ ಅಂದಿಲ್ಲ. ಬೆಳಿಗ್ಗೆ ನೀವು ಅಂದಾಗ ಬೈಗುಳವೇ ಇರಬೇಕು ಅಂದುಕೊಂಡೆ."

"ಇಲ್ಲ ಮೇಡಂ. ನೀವು ಬಾಗಿಲಲ್ಲಿ ಬಂದಾಗಲೇ ನನಗೆ ಹಾಗನ್ನಿಸಿತು." ಇದಿಷ್ಟು ಸುಳ್ಳು. ಆದರೆ ಗೆದ್ದವನು ಅಷ್ಟು ಸುಳ್ಳು ಹೇಳಬಹುದು ಎಂದು ಅವನಿಗೆ ಅನ್ನಿಸಿತು.

"ಅಂದ್ರೆ ಕಣಗಾತಿ ಹಂಚಿದ್ದಕ್ಕೆ ಯಾರೂ ಎದುರು ಆಡ್ತಿರಲಿಲ್ಲ?"

"ಎದುರಾಡೋ ಮಾತೇ ಇಲ್ಲ ಮೇಡಂ. ಅವಳು ಹಂಚಿದ್ದೇ ಪಾಲು."

"ಯಾರಿಗೆ ಕಮ್ಮಿ ಬಂದ್ರೂ?"

"ಯಾರಿಗೆ ಕಮ್ಮಿ ಬಂದ್ರೂ ಕಣ್ಣಿಗೊತ್ತಿಕೊಂಡು ತಗೋತಿದ್ರು."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಬೆಳಿಗ್ಗೆಯಿಂದ ಈ ಕಾಗದ ಮುಂದಿಟ್ಟುಕೊಂಡು ಕೂತಿದ್ದೀನಿ. ಮೈಕಿನೋರು ಬಂದು, ಅಲ್ಲಿ ಧೂಳಿಗೆ ನನ್ನ ಗಂಟಲು ಹೋಗುತ್ತೆ ಅಂತ ಜೇಬಿನಿಂದ ಮಫ್ಲರು ತೆಗೆದು ಸುತ್ತಿ ತೋರಿಸಿದ್ರು. ಆ ಟಿಕೆಟ್‌ನೋರು ಕಾಲು ಗಂಟೆ ಅತ್ರು. ನಿಮ್ಮ ವಿಷಯ ಇಬ್ಬರೂ ಎತ್ತಲಿಲ್ಲ. ಯಾರನ್ನ ಕಳಿಸಿದ್ರೂ ನಾಳೆಯಿಂದ ನನ್ನ ಮೇಲೆ ಅರ್ಜಿ, ದೂರು. ನ್ಯಾಯವಾಗಿ ಹಂಚೋದು ಹೇಗೆ ಅಂತ ತಲೆ ಕೆಟ್ಟುಹೋಗಿತ್ತು." ಅವರು ಛತ್ರಿಯಣ್ಣನನ್ನು ತುಂಬು ಪ್ರೀತಿಯಿಂದ ನೋಡಿದರು. "ಕಮ್ಮಿ ಬಂದ್ರೂ ಕಣ್ಣಿಗೊತ್ತಿಕೊಂಡು ತಗೊಳ್ಳೋ ಸಂಸ್ಕಾರ ಇರೋದು ಈ ಮೂವರಲ್ಲಿ ನಿಮಗೊಬ್ಬರಿಗೇ."

ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ಹೊರಡುವ ಗಾಡಿಗೆ ಪಾಸು ಬರೆಸಿ ಕೊಡಲು ಹೇಳಿದರು. ಛತ್ರಿಯಣ್ಣ ಆ ಕಾಗದವನ್ನು ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಳ್ಳಲಿಲ್ಲ ಅಷ್ಟೇ.

ಹೊರಗೆ ಗಂಟಲು, ಟಿಕೆಟ್ ಅಕ್ಕ ಇಬ್ಬರೂ ಕಾಯುತ್ತಿದ್ದರು. ಸುದ್ದಿ ಕೇಳಿ ಟಿಕೆಟ್ ಅಕ್ಕ ಈ ಸಲ ನಿಜವಾಗಿಯೇ ಅತ್ತಳು. ಗಂಟಲು ಮಫ್ಲರು ಬಿಚ್ಚಿ ಛತ್ರಿಯಣ್ಣನ ಕತ್ತಿಗೆ ಸುತ್ತಿ, "ಅಲ್ಲಿ ಧೂಳು ಜಾಸ್ತಿ, ಬೇಕಾಗುತ್ತೆ," ಅಂದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಬಂದಾಗ ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಧ್ಯಾಹ್ನದ ತಟ್ಟೆ ಮುಚ್ಚಿಟ್ಟ ಹಾಗೇ ಇತ್ತು. ಹೆಂಡತಿ ಕಣ್ಣಲ್ಲೇ ಏನಾಯಿತು ಎಂದು ಕೇಳಿದಳು. ಛತ್ರಿಯಣ್ಣ ಆಮೇಲೆ ಎಂದು ಕೈ ಮಾಡಿ, ತಾಯಿಯ ಕಿವಿಯ ಹತ್ತಿರ ಕುಳಿತ. ಕೆಟ್ಟ ಸುದ್ದಿ ನಾಳೆಗೂ ಇರುತ್ತದೆ. ನಲವತ್ತೈದು ವರ್ಷ ಕಾದ ಒಳ್ಳೆಯ ಸುದ್ದಿ ಇನ್ನು ಕಾಯಬಾರದು.

ಮುದುಕಿ ಹೇಳಿದ್ದನ್ನೆಲ್ಲ ಕೂಗಿ ಕೂಗಿ ಹೇಳಿದ. ಪಕ್ಕದ ಮನೆಯವರು ಟೀವಿ ಸದ್ದು ತಗ್ಗಿಸಿ ಕೇಳಿಸಿಕೊಂಡರು. ಮಗಳು ಪುಸ್ತಕ ಮುಚ್ಚಿ ಬಂದು ಬಾಗಿಲಲ್ಲಿ ನಿಂತಳು. ತಾಯಿ ನಿಧಾನವಾಗಿ ಎದ್ದು ಕುಳಿತಳು.

"ಇನ್ನೊಂದು ಸಲ ಹೇಳು."

ಇನ್ನೊಂದು ಸಲ ಹೇಳಿದ.

ತಾಯಿ ತನ್ನ ಬಲಗೈಯನ್ನು ಮಡಿಲಲ್ಲಿಟ್ಟು ಅದನ್ನೇ ನೋಡುತ್ತ ಕುಳಿತಳು. "ಅವತ್ತು ಆ ಮಾತು ಅಂದ ಮೇಲೆ ಉಗ್ರಾಣದ ಬೀಗದ ಕೈ ತಂದು ಈ ಕೈಲಿ ಇಟ್ಟಿದ್ಲು. ಅದನ್ನೂ ಹಂಗಿಸೋಕೆ ಮಾಡಿದ್ಲು ಅಂದುಕೊಂಡಿದ್ದೆ ಕಣೋ. ಎಷ್ಟು ವರ್ಷ ಅವಳ ಹತ್ರ ನೆಟ್ಟಗೆ ಮಾತಾಡದೇ ಇದ್ದೆ." ಕಣ್ಣು ಒರೆಸಿಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ, "ತಟ್ಟೆ ತಾ, ಹಸಿವಾಗ್ತಿದೆ," ಅಂದಳು.

ಊಟ ಮುಗಿಯುವಷ್ಟರಲ್ಲಿ ತಾಯಿ ಕುಳಿತ ರೀತಿಯೇ ಬೇರೆಯಾಗಿತ್ತು. ಬೆನ್ನು ಗೋಡೆಯನ್ನು ಬಿಟ್ಟು ನೆಟ್ಟಗೆ ನಿಂತಿತ್ತು. ಇದೇ ಸಮಯ ಎಂದು ಛತ್ರಿಯಣ್ಣ ಜೇಬಿನಿಂದ ವರ್ಗದ ಕಾಗದ ತೆಗೆದ. ಹೆಂಡತಿ ಓದಿ ಮಗಳ ಕೈಗೆ ಕೊಟ್ಟಳು. ತಾಯಿಗೆ ಮಗಳು ಕೂಗಿ ಹೇಳಿದಳು.

"ಅಮ್ಮಾ, ಒಂದು ಯೋಚನೆ ಮಾಡಿದ್ದೀನಿ," ಅಂತ ಕೂಗಿದ ಛತ್ರಿಯಣ್ಣ. "ಮೇಡಂಗೆ ಆ ಪದ ಅಂದ್ರೆ ಈಗ ತುಂಬಾ ಗೌರವ. ನಾಳೆ ಆಟೋ ಮಾಡಿ ನಿನ್ನನ್ನ ಅವರ ಮನೆಗೆ ಕರ್ಕೊಂಡು ಹೋಗ್ತೀನಿ. ನಾನೂ ಕಣಗಾತಿನೇ, ಈ ವರ್ಗ ಬೇಡ ಅಂತ ನೀನೊಂದು ಮಾತು ಹೇಳು. ಕೇಳೇ ಕೇಳ್ತಾರೆ."

ತಾಯಿ ಅವನನ್ನು ದಿಟ್ಟಿಸಿ ನೋಡಿದಳು. "ಒಬ್ಬ ಕಣಗಾತಿ ಹಂಚಿದ ಪಾಲನ್ನ ಇನ್ನೊಬ್ಬ ಕಣಗಾತಿ ಮುರಿಯೋದಾ? ಜನ ಏನಂದಾರು?"

"ಅಲ್ಲಮ್ಮ..."

"ಮೊಮ್ಮಗಳ ಓದು ಇಲ್ಲಿ. ಅವಳು ಇಲ್ಲೇ ಇರ್ತಾಳೆ. ಸೊಸೆ ಕೆಲಸ ಇಲ್ಲಿ, ಅವಳೂ ಇಲ್ಲೇ. ನನ್ನ ಮಂಡಿಗೆ ಪ್ರಯಾಣ ಆಗಲ್ಲ, ನಾನೂ ಇಲ್ಲೇ." ತಾಯಿ ಅಡುಗೆಮನೆಯ ಕಡೆ ಕತ್ತು ತಿರುಗಿಸಿದಳು. "ದೊಡ್ಡ ಕುಕ್ಕರು, ಒಲೆ, ಮಿಕ್ಸಿ ಮನೆಗೆ. ನಿನಗೆ ಆ ಹಿಡಿ ಇಲ್ಲದ ಪಾತ್ರೆ, ಎರಡು ತಟ್ಟೆ, ಹಳೇ ಹಾಸಿಗೆ. ರೇಡಿಯೋ ಕೇಳಬೇಡ, ಅದು ನನಗೆ."

"ನಿನಗೆ ಕಿವಿ ಕೇಳಲ್ವಲ್ಲಮ್ಮ."

ಹೆಂಡತಿ ಹಿಂದಿನಿಂದ ಬಂದು ಅವನ ಭುಜ ಮುಟ್ಟಿದಳು. ಅವಳಿಗೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ, ಅಂತೂ ತುಟಿ ಕಚ್ಚಿಕೊಂಡಿದ್ದಳು.

"ರೀ, ಎದುರಾಡಬಾರದು ಅಂತ ಈಗ ತಾನೇ ಎರಡು ಸಲ ಕೂಗಿ ಹೇಳಿದ್ದು ಯಾರು?"

ಛತ್ರಿಯಣ್ಣ ಬಾಯಿ ಮುಚ್ಚಿದ. ಅಟ್ಟದ ಮೇಲಿಂದ ಹಳೇ ಹಾಸಿಗೆ ಇಳಿಸಲು ಏಣಿ ಹುಡುಕುತ್ತ ಹೋದ.